ಅಕ್ಕನ ಕಣ್ಣು, ನಮ್ಮ ಗಣಕಯಂತ್ರ

ಸಾಹಿತ್ಯ ಸಮ್ಮೇಳನದ ಸ್ಮರಣ ಸಂಚಿಕೆಗೆ ನಮ್ಮಿಂದ ಲೇಖನವೊಂದನ್ನು ಕೇಳುವುದು ಸಂಘದ ಕಾರ್ಯದರ್ಶಿಗಳ ಹಳೆಯ ವಾಡಿಕೆ. ನಾವೂ ಪ್ರತಿ ಸಲ ಗಡಿನಾಡ ಕನ್ನಡದ ಸ್ಥಿತಿಗತಿಯನ್ನು ಕುರಿತು ಬರೆದು, ಸರಕಾರಗಳಿಗೆ ಒಂದಿಷ್ಟು ಬುದ್ಧಿ ಹೇಳಿ, ಯುವಜನರಿಗೆ ಇನ್ನೊಂದಿಷ್ಟು ಬುದ್ಧಿ ಹೇಳಿ ಮುಗಿಸುತ್ತಿದ್ದೆವು. ಸರಕಾರಗಳು ಓದಲಿಲ್ಲ, ಯುವಜನರೂ ಓದಿದಂತೆ ಕಾಣಲಿಲ್ಲ. ಆದುದರಿಂದ ಈ ಸಲ ಮನೆಯೊಳಗಿನ ಸಂಗತಿಯೊಂದನ್ನು ಬರೆಯಲು ಮನಸ್ಸು ಮಾಡಿದ್ದೇವೆ. ಮನೆಯ ಗಣಕಯಂತ್ರದಲ್ಲಿ ಹಳೆಯ ಕನ್ನಡ ಚಲನಚಿತ್ರವೊಂದು ನೆಟ್ಟಗೆ ಕಾಣುವಂತೆ ಮಾಡಲು ನಾವು ಪಟ್ಟ ಪಾಡು ಅದು. ಬಿ.ಎ., ಬಿ.ಎಡ್. ಮಾಡಿ ಮೂವತ್ತು ವರ್ಷಕ್ಕೂ ಮಿಕ್ಕಿ ಪಾಠ ಹೇಳಿದ ಮುಖ್ಯೋಪಾಧ್ಯಾಯನಿಗೆ ಇದೆಂಥ ವಿಷಯ ಎಂದು ಕೆಲವರು ನಗಬಹುದು. ನಗುವುದಕ್ಕೂ ಇದರಲ್ಲಿ ಎಡೆಯಿದೆ. ಆದರೆ ನಮಗೆ ಇದು ಬರಿಯ ನಗೆಯ ಮಾತಾಗಿ ಉಳಿಯಲಿಲ್ಲ.

ನಮ್ಮ ಹುಟ್ಟೂರು ಹೊಸೂರು ತಾಲ್ಲೂಕಿನ ಒಂದು ಹಳ್ಳಿ. ನಾವು ಹುಟ್ಟಿದಾಗ ಅದು ಸೇಲಂ ಜಿಲ್ಲೆಯಲ್ಲಿತ್ತು. 1965ರಲ್ಲಿ ಧರ್ಮಪುರಿ ಬೇರೆ ಜಿಲ್ಲೆಯಾದಾಗ ಅತ್ತ ಸೇರಿತು. 2004ರಲ್ಲಿ ಕೃಷ್ಣಗಿರಿ ಜಿಲ್ಲೆಯಾದಾಗ ಮತ್ತೆ ಅದಕ್ಕೆ ಸೇರಿತು. ಹೀಗೆ ಒಂದು ಜಿಲ್ಲೆಯಲ್ಲಿ ಹುಟ್ಟಿ, ಇನ್ನೊಂದರಲ್ಲಿ ಕೆಲಸ ಮಾಡಿ, ಮೂರನೆಯದರಲ್ಲಿ ನಿವೃತ್ತರಾದೆವು. ಮನೆಯ ಹೊಸ್ತಿಲು ಮಾತ್ರ ಇದ್ದಲ್ಲೇ ಇತ್ತು. ಈಗ ಮಗನ ಮನೆ ಸೇಲಮ್ಮಿನಲ್ಲಿರುವುದರಿಂದ ನಾವು ದಂಪತಿಗಳು ಮತ್ತೆ ಸೇಲಂ ಜಿಲ್ಲೆಯವರಾಗಿದ್ದೇವೆ. ಊರಿನಲ್ಲಿ ಉಳಿದವರು ನಮ್ಮ ಅಕ್ಕ. ನಮಗಿಂತ ಎಂಟು ವರ್ಷ ದೊಡ್ಡವರು. ತಾಯಿ ಬೇಗ ತೀರಿಕೊಂಡುದರಿಂದ ನಮಗೆ ಎಣ್ಣೆ ಒತ್ತಿ ನೀರು ಹಾಕಿದವರು, ಸ್ಲೇಟು ಹಿಡಿಸಿ ಅಕ್ಷರ ತಿದ್ದಿಸಿದವರು ಅವರೇ. ಅವರು ಓದಿದ್ದು ನಾಲ್ಕನೆಯ ತರಗತಿ.

ಅಕ್ಕನಿಗೆ ಸಿನಿಮಾ ಎಂದರೆ ಪ್ರಾಣ. ಆಗ ನಮ್ಮ ಕಡೆ ಟೂರಿಂಗ್ ಟಾಕೀಸಿನವರು ಡೇರೆ ಹಾಕುತ್ತಿದ್ದರು. ಸುಗ್ಗಿ ಮುಗಿದ ಮೇಲೆ ಗಾಡಿ ಕಟ್ಟಿಕೊಂಡು, ಹುಲ್ಲಿನ ಮೇಲೆ ಜಮಖಾನ ಹಾಸಿ ಕುಳಿತು, ಬುತ್ತಿ ಕಟ್ಟಿಕೊಂಡು ಹೋಗುವುದು. ಡೇರೆಯೊಳಗೆ ಮರಳಿನ ಮೇಲೆ ಕುಳಿತು ನೋಡುವುದು. ಆ ಕಾಲದ ಪ್ರೊಜೆಕ್ಟರಿನಲ್ಲಿ ಬೆಳಕು ಬರುತ್ತಿದ್ದುದು ಎರಡು ಇದ್ದಿಲ ಕಡ್ಡಿಗಳ ತುದಿಗಳ ನಡುವೆ ಉರಿಯುವ ವಿದ್ಯುತ್ತಿನ ಜ್ವಾಲೆಯಿಂದ. ಕಡ್ಡಿಗಳು ಉರಿದು ಸವೆದಂತೆಲ್ಲ ಅವುಗಳ ನಡುವಣ ಅಂತರವನ್ನು ಆಪರೇಟರ್ ಸರಿಪಡಿಸುತ್ತಲೇ ಇರಬೇಕು. ಅವನು ಬೀಡಿ ಸೇದುತ್ತ ಮೈಮರೆತರೆ ಪರದೆ ಹಳದಿಯಾಗಿ, ಮಂಕಾಗಿ, ರಾಜಕುಮಾರರ ಮುಖವೂ ಕಾಣದಂತಾಗುತ್ತಿತ್ತು. ಆಗ ನೋಡಬೇಕು ಜನರ ಗಲಾಟೆ! ಸಿಳ್ಳೆ, ಚಪ್ಪಾಳೆ, ‘ಏ ಆಪರೇಟರ್!’ ಎಂಬ ಕೂಗು. ಹೆಂಗಸರ ಕಡೆಯಿಂದ ಎಲ್ಲರಿಗಿಂತ ಮೊದಲು ಏಳುತ್ತಿದ್ದ ದನಿ ನಮ್ಮ ಅಕ್ಕನದು. ಚಿತ್ರ ಕೆಟ್ಟರೆ ಅದು ಆಪರೇಟರನ ತಪ್ಪು ಎಂಬುದರಲ್ಲಿ ಆ ಡೇರೆಯಲ್ಲಿ ಯಾರಿಗೂ ಸಂಶಯವಿರಲಿಲ್ಲ.

ಇದನ್ನು ಏಕೆ ಹೇಳಿದೆವೆಂಬುದು ಮುಂದೆ ತಿಳಿದೀತು.

ಕೆಲವು ವರ್ಷಗಳ ಹಿಂದೆ ಮಗನು ನಮಗೆಂದೇ ಒಂದು ಗಣಕಯಂತ್ರವನ್ನೂ ಅಗಲವಾದ ಹೊಸ ಪರದೆಯನ್ನೂ ತಂದುಕೊಟ್ಟ. ಅಂಗಡಿಯ ಹುಡುಗನೊಬ್ಬ ಬಂದು ತಂತಿಗಳನ್ನು ಜೋಡಿಸಿ, ಚಹಾ ಕುಡಿದು ಹೋದ. ನಾವು ಬೆಂಗಳೂರಿನ ಮೆಜೆಸ್ಟಿಕ್ಕಿಗೆ ಹೋದಾಗಲೆಲ್ಲ ಕೊಂಡು ತಂದ ಹಳೆಯ ಕನ್ನಡ ಚಿತ್ರಗಳ ವಿಸಿಡಿಗಳು ಒಂದು ಪೆಟ್ಟಿಗೆಯ ತುಂಬ ಇದ್ದುವು. ಮೊಮ್ಮಗಳಿಗೆ ಶಾಲೆಯಲ್ಲಿ ತಮಿಳು ಮತ್ತು ಇಂಗ್ಲಿಷು. ಕನ್ನಡವೆಂಬುದು ಅವಳಿಗೆ ಮನೆಯಲ್ಲಿ ಕಿವಿಗೆ ಬಿದ್ದಷ್ಟೇ. ಈ ಚಿತ್ರಗಳ ನೆಪದಿಂದಲಾದರೂ ನಾಲ್ಕು ಒಳ್ಳೆಯ ಮಾತು ಅವಳ ಕಿವಿಗೆ ಬೀಳಲಿ ಎಂಬುದು ನಮ್ಮ ಆಸೆಯಾಗಿತ್ತು. ಅವಳು ಹತ್ತು ನಿಮಿಷ ಕುಳಿತು, ‘ತಾತ, ಇವರೆಲ್ಲ ಯಾಕೆ ಇಷ್ಟು ದಪ್ಪ?’ ಎಂದು ಕೇಳಿ ಎದ್ದು ಹೋಗುತ್ತಿದ್ದಳು. ಹಳೆಯ ಚಿತ್ರಗಳು ಹಾಗೆಯೇ ಇರುತ್ತವೆ ಎಂದು ನಾವು ಅವಳಿಗೆ ಉತ್ತರ ಹೇಳಿದ್ದೆವು. ಮೂವತ್ತು ವರ್ಷ ಮಕ್ಕಳ ಪ್ರಶ್ನೆಗಳಿಗೆ ಉತ್ತರ ಹೇಳಿದವರು ಹೇಳಬಾರದ ಉತ್ತರ ಅದು.

ಆ ವರ್ಷವೇ ಅಕ್ಕನ ಎರಡನೆಯ ಕಣ್ಣಿಗೆ ಪೊರೆಯ ಶಸ್ತ್ರಚಿಕಿತ್ಸೆಯಾಯಿತು. ಮೂರು ವಾರ ಕಳೆದ ಮೇಲೆ ಅವರನ್ನು ನಮ್ಮ ಮನೆಗೆ ಕರೆತಂದೆವು. ಹೊಸ ಕನ್ನಡಕ ಇನ್ನೂ ಕೊಟ್ಟಿರಲಿಲ್ಲ. ಅವರು ಬಂದ ಸಂಜೆಯೇ ನಾವು ಅವರಿಗೊಂದು ಹಬ್ಬ ಮಾಡೋಣವೆಂದು ‘ಸತ್ಯ ಹರಿಶ್ಚಂದ್ರ’ ಚಿತ್ರವನ್ನು ಹಾಕಿದೆವು. 1965ರಲ್ಲಿ ಬಂದ, ಹುಣಸೂರು ಕೃಷ್ಣಮೂರ್ತಿಯವರು ನಿರ್ದೇಶಿಸಿದ ಚಿತ್ರ. ರಾಜಕುಮಾರರ ಹರಿಶ್ಚಂದ್ರ, ಪಂಡರಿಬಾಯಿಯವರ ಚಂದ್ರಮತಿ. ಗಾಜನೂರಿನವರಾದ ರಾಜಕುಮಾರರನ್ನು ನಮ್ಮ ಕಡೆಯವರೆಲ್ಲ ನೆಂಟರೆಂದೇ ಎಣಿಸುವುದು ತಮಗೆ ಗೊತ್ತಿದೆ. ಮದುವೆಯಾದ ಹೊಸತರಲ್ಲಿ ಅಕ್ಕ ಇದನ್ನು ಡೇರೆಯಲ್ಲಿ ಮೂರು ಸಲ ನೋಡಿದ್ದರು. ಭಾವನವರು ಜೀವಿಸಿದ್ದಾಗ ಅವರೊಡನೆ ನೋಡಿದ ಚಿತ್ರ.

ನಾವು ನಮ್ಮ ಹೊಸ ಯಂತ್ರದ ಹೆಮ್ಮೆಯಲ್ಲಿದ್ದೆವು. ಚಿತ್ರ ಓಡುತ್ತಿರುವಾಗ ಎರಡು ಮೂರು ಸಲ, ‘ಎಷ್ಟು ಚೆನ್ನಾಗಿ ಕಾಣುತ್ತದೆ ನೋಡಕ್ಕ’ ಎಂದೆವು. ಅಕ್ಕ ‘ಹೂಂ ಕಣಪ್ಪ’ ಎಂದರು. ಮಸಣದ ದೃಶ್ಯ ಬರುವ ಹೊತ್ತಿಗೆ ಅವರು ಕಣ್ಣುಮುಚ್ಚಿ ಮಾತುಗಳನ್ನು ಮಾತ್ರ ಕೇಳುತ್ತಿದ್ದರು. ದಣಿವಿರಬೇಕೆಂದು ನಾವು ತಿಳಿದೆವು.

ಮೂರನೆಯ ದಿನ ನಮ್ಮ ಮನೆಯವರು ಅಡಿಗೆಮನೆಯಿಂದ ಬಂದು ಮೆಲ್ಲನೆ ಹೇಳಿದರು: ‘ಅತ್ತಿಗೆಯವರು ಅಳುತ್ತಿದ್ದಾರೆ. ಕಣ್ಣಿಗೆ ಮತ್ತೆ ಪೊರೆ ಬಂದಿದೆಯಂತೆ. ಮಗನಿಗೆ ಹೇಳಬೇಡಿ, ಇನ್ನೊಂದು ಸಲ ದುಡ್ಡು ಸುರಿಯುವುದು ಬೇಡ, ನನಗೆ ಕಂಡಷ್ಟು ಸಾಕು ಎನ್ನುತ್ತಾರೆ.’ ಊರಿಗೆ ಹೋದೊಡನೆ ಬೀಗದ ಕೈಗಳನ್ನೂ ಲೆಕ್ಕದ ಪುಸ್ತಕವನ್ನೂ ಸೊಸೆಗೆ ಒಪ್ಪಿಸಿಬಿಡುವುದೆಂದು ಅವರು ನಿಶ್ಚಯಿಸಿದ್ದರಂತೆ.

ನಾವು ಹೋಗಿ ಪಕ್ಕದಲ್ಲಿ ಕುಳಿತೆವು. ‘ಯಾಕಕ್ಕ, ಯಾವಾಗಿನಿಂದ?’

‘ಮೊನ್ನೆ ರಾತ್ರಿ ಗೊತ್ತಾಯ್ತು ಕಣೋ ತಮ್ಮಯ್ಯ. ನೀವೆಲ್ಲ ಚೆನ್ನಾಗಿದೆ ಚೆನ್ನಾಗಿದೆ ಅಂತ ನೋಡ್ತಾ ಇದ್ದಿರಿ. ನನಗೆ ಹರಿಶ್ಚಂದ್ರ ಹೊಗೆಯೊಳಗೆ ನಿಂತ ಹಾಗೆ ಕಾಣ್ತಿದ್ದ. ಚಂದ್ರಮತಿ ಮುಖಾನೂ ಅಂದಾಜಿನ ಮೇಲೆ ಗುರುತು ಹಿಡಿದೆ. ಇನ್ನೇನು ಹೇಳಲಿ?’

ನಮಗೆ ಒಂದು ಕ್ಷಣ ಮಾತು ಹೊರಡಲಿಲ್ಲ. ಎದುರಿನ ಗೋಡೆಯಲ್ಲಿ ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರ್ ತೂಗುತ್ತಿತ್ತು. ‘ಅಕ್ಕ, ಇವತ್ತು ಎಷ್ಟನೆಯ ತಾರೀಖು?’ ಎಂದೆವು. ಅವರು ಕುಳಿತಲ್ಲಿಂದಲೇ ದೊಡ್ಡ ಅಂಕೆಯನ್ನು ಓದಿದರು. ಅದರ ಕೆಳಗೆ ಕೆಂಪು ಮಸಿಯಲ್ಲಿದ್ದ ವಾರದ ಹೆಸರಿನ ತಮಿಳು ಅಕ್ಷರಗಳನ್ನೂ ಕೊಂಚ ಕಣ್ಣು ಕಿರಿದು ಮಾಡಿ ಓದಿದರು. ಹತ್ತು ಅಡಿ ದೂರದ ಅಕ್ಷರ ಕಾಣುವ ಕಣ್ಣಿಗೆ ನಾಲ್ಕು ಅಡಿ ದೂರದ ಚಂದ್ರಮತಿ ಏಕೆ ಕಾಣಬಾರದು? ಹಾಗಾದರೆ ದೋಷ ಕಣ್ಣಿನಲ್ಲಿಲ್ಲ. ಪರದೆಯಲ್ಲಿದೆ. ಚೆನ್ನಾಗಿದೆ ಚೆನ್ನಾಗಿದೆ ಎಂದು ನಾವು ಹೊಗಳಿದ ಆ ಚಿತ್ರವನ್ನು ನಾವೂ ಸರಿಯಾಗಿ ನೋಡಿರಲಿಲ್ಲ. ಐವತ್ತು ವರ್ಷದ ಹಿಂದಿನ ನೆನಪನ್ನೇ ಅದರ ಮೇಲೆ ಹೊದಿಸಿಕೊಂಡು ನೋಡಿದ್ದೆವು.

(ವೈದ್ಯರಲ್ಲಿಗೂ ಮರುದಿನವೇ ಕರೆದುಕೊಂಡು ಹೋದೆವೆಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇವೆ. ಶಸ್ತ್ರಚಿಕಿತ್ಸೆಯಾದವರು ಮಂಜು ಎಂದರೆ ಮನೆಯಲ್ಲಿ ಕುಳಿತು ತರ್ಕ ಮಾಡತಕ್ಕದ್ದಲ್ಲ. ಕಣ್ಣು ನಿರ್ಮಲವಾಗಿದೆ ಎಂದರು. ಆದರೂ ಅಕ್ಕನಿಗೆ ನಂಬಿಕೆ ಬರಲಿಲ್ಲ. ಡಾಕ್ಟರು ಸಮಾಧಾನಕ್ಕೆ ಹೇಳಿದ್ದಾರೆ ಎಂದುಕೊಂಡರು. ಅವರಿಗೆ ರುಜುವಾತು ಬೇಕಾಗಿದ್ದುದು ಚಂದ್ರಮತಿಯ ಮುಖ.)

ಅಂದು ರಾತ್ರಿಯೇ ನಾವು ರಿಪೇರಿಗೆ ಕುಳಿತೆವು. ಮೊದಲು ಮಾಡಿದ್ದೆಲ್ಲ ತಪ್ಪು. ನಮ್ಮಲ್ಲಿದ್ದುದು ವಿಎಲ್‌ಸಿ ಎಂಬ ತಂತ್ರಾಂಶ, ಕಿತ್ತಳೆ ಬಣ್ಣದ ರಸ್ತೆ ಶಂಕುವಿನ ಗುರುತಿನದು. ಪ್ಯಾರಿಸ್ಸಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳು 1996ರಲ್ಲಿ ಆರಂಭಿಸಿದ ಕೆಲಸ ಅದು. ಇಂದಿಗೂ ಯಾರಿಗೂ ಕಾಸಿಲ್ಲದೆ ಸಿಗುತ್ತದೆ. ಅದರಲ್ಲಿ ‘ಟೂಲ್ಸ್’ ಎಂಬುದನ್ನು ಒತ್ತಿ, ‘ಎಫೆಕ್ಟ್ಸ್’ ಎಂಬಲ್ಲಿಗೆ ಹೋದರೆ ಬೆಳಕು, ಛಾಯೆ, ಮೊನಚು ಇವುಗಳನ್ನು ಏರಿಸಿ ಇಳಿಸುವ ಸಲಾಕೆಗಳಿವೆ. ಮಂಕಾಗಿದೆಯೆಂದು ಬೆಳಕು ಏರಿಸಿದೆವು. ಹೊಗೆ ಇನ್ನೂ ದಟ್ಟವಾಯಿತು. ಮಬ್ಬಾಗಿದೆಯೆಂದು ಮೊನಚು ಏರಿಸಿದೆವು. ಹರಿಶ್ಚಂದ್ರನ ಕಿರೀಟದ ಸುತ್ತ ಸುಣ್ಣದ ಗೆರೆ ಎಳೆದಂತಾಗಿ, ಕೆನ್ನೆಯ ಮೇಲೆ ಚಿಕ್ಕ ಚಿಕ್ಕ ಚೌಕಗಳು ಎದ್ದು ಬಂದುವು. ಮೇಷ್ಟರ ಜಾತಿಯೇ ಹೀಗೆ. ಹುಡುಗನು ಏನು ಬರೆದಿದ್ದಾನೆಂದು ಓದುವ ಮೊದಲೇ ಕೆಂಪು ಮಸಿಯ ಪೆನ್ನು ಕೈಗೆ ಬಂದಿರುತ್ತದೆ.

ಮರುದಿನ ಬೆಳಿಗ್ಗೆ ಮೊಮ್ಮಗಳ ಪ್ರಶ್ನೆ ನೆನಪಾಯಿತು: ಇವರೆಲ್ಲ ಯಾಕೆ ಇಷ್ಟು ದಪ್ಪ? ಅವಳನ್ನೇ ಕರೆದು ಗಣಕಯಂತ್ರದ ಚಿತ್ರ ಬಿಡಿಸುವ ಹಾಳೆಯಲ್ಲಿ ಒಂದು ವೃತ್ತ ಬರೆಯಲು ಹೇಳಿದೆವು. ಅಳತೆಪಟ್ಟಿ ಹಿಡಿದು ಅಳೆದೆವು. ಎತ್ತರ 12 ಸೆಂಟಿಮೀಟರು, ಅಗಲ 16 ಸೆಂಟಿಮೀಟರು! ವೃತ್ತವಲ್ಲ, ಕುಂಬಳಕಾಯಿ. ಅಂದರೆ ತಪ್ಪು ಸಿನಿಮಾದ್ದೂ ಅಲ್ಲ, ವಿಸಿಡಿಯದ್ದೂ ಅಲ್ಲ. ಪರದೆಯ ಮೇಲೆ ಬರುವ ಎಲ್ಲವನ್ನೂ ಯಂತ್ರವು ಮೂರರಲ್ಲಿ ಒಂದು ಪಾಲು ಅಡ್ಡಕ್ಕೆ ಹಿಗ್ಗಿಸುತ್ತಿತ್ತು. ಹುಡುಕಿದಾಗ ಕಾರಣ ಸಿಕ್ಕಿತು. ನಮ್ಮ ಪರದೆಯಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಬೆಳಕಿನ ಚುಕ್ಕಿಗಳಿವೆ. ಅಂಗಡಿಯ ಹುಡುಗ ಅದನ್ನು ಹಳೆಯ ಡಬ್ಬಿ ಪರದೆಯ ಅಳತೆಯಾದ 1024, 768ಕ್ಕೆ ಇಟ್ಟು ಹೋಗಿದ್ದ. ಹಳೆಯ ಅಳತೆ ನಾಲ್ಕಕ್ಕೆ ಮೂರು. ಹೊಸ ಪರದೆ ಹದಿನಾರಕ್ಕೆ ಒಂಬತ್ತು. ನಾಲ್ಕಕ್ಕೆ ಮೂರರ ಚಿತ್ರವನ್ನು ಹದಿನಾರಕ್ಕೆ ಒಂಬತ್ತರ ಚೌಕಟ್ಟಿಗೆ ಎಳೆದು ಕಟ್ಟಿದಾಗ ರಾಜರ್ಷಿಯೂ ಕುಂಬಳಕಾಯಿಯಾಗುತ್ತಾನೆ. ಇಷ್ಟೇ ಅಲ್ಲ, ಒಂದು ಚುಕ್ಕಿಗೆ ಹೇಳಿದ ಬಣ್ಣವನ್ನು ಒಂದೂ ಮುಕ್ಕಾಲು, ಎರಡು ಚುಕ್ಕಿಗಳಿಗೆ ಹಂಚಬೇಕಾಗಿ ಬಂದುದರಿಂದ ಎಲ್ಲ ಅಂಚುಗಳೂ ಮಬ್ಬಾಗಿದ್ದುವು.

ಪರದೆಯ ಖಾಲಿ ಜಾಗದಲ್ಲಿ ಮೌಸಿನ ಬಲಗುಂಡಿ ಒತ್ತಿ, ‘ಡಿಸ್‌ಪ್ಲೇ’ ಎಂಬಲ್ಲಿ ಪರದೆಯ ನಿಜವಾದ ಅಳತೆಯನ್ನು ಆರಿಸಿದೆವು. ಒಂದು ಸಲ ಕತ್ತಲಾಗಿ ಬೆಳಕಾಯಿತು. ಕುಂಬಳಕಾಯಿ ವೃತ್ತವಾಯಿತು. ಸಿನಿಮಾ ಹಾಕಿದರೆ ಎರಡೂ ಬದಿಗೆ ಕಪ್ಪು ಪಟ್ಟಿ ಬಂದು, ನಡುವೆ ಹರಿಶ್ಚಂದ್ರ ತನ್ನ ಮೈಕಟ್ಟಿನಲ್ಲೇ ನಿಂತ. ಬದಿಯ ಪಟ್ಟಿ ಕಂಡು ನಮ್ಮ ಮಗ, ‘ಪರದೆ ದಂಡವಾಯಿತಲ್ಲ ಅಪ್ಪ, ಪೂರ್ತಿ ತುಂಬಿಸಬಹುದಲ್ಲ’ ಎಂದ. ತುಂಬಿಸಬಹುದು, ವಿಎಲ್‌ಸಿಯಲ್ಲಿ ಇಂಗ್ಲಿಷಿನ ‘ಎ’ ಅಕ್ಷರದ ಕೀಲಿಯನ್ನು ಒತ್ತುತ್ತ ಹೋದರೆ ಅಗಲದ ಪ್ರಮಾಣ ಬದಲಾಗುತ್ತ ಹೋಗುತ್ತದೆ. ಆದರೆ ಪಟ್ಟಿಗೆ ಕೊಟ್ಟ ಹಣ ವ್ಯರ್ಥವಾಯಿತೆಂದು ಪಂಡರಿಬಾಯಿಯವರ ಮುಖವನ್ನು ಹಿಗ್ಗಿಸುವುದು ನ್ಯಾಯವಲ್ಲ. ಎಷ್ಟೋ ಮನೆಗಳ ದೊಡ್ಡ ಟಿ.ವಿ.ಗಳಲ್ಲಿ ಇಂದಿಗೂ ಹಳೆಯ ನಟನಟಿಯರು ಹೀಗೆ ಊದಿಕೊಂಡು ಓಡಾಡುತ್ತಿರುವುದನ್ನು ನೋಡುತ್ತೇವೆ. ಯಾರೂ ‘ಏ ಆಪರೇಟರ್’ ಎನ್ನುವುದಿಲ್ಲ.

ಆದರೂ ಹೊಗೆ ಹೋಗಲಿಲ್ಲ. ಹೊಗೇನಕಲ್ಲಿನ ಜಲಪಾತದ ಮುಂದೆ ನಿಂತಂತೆ ಎಲ್ಲ ಕತ್ತಲ ದೃಶ್ಯಗಳ ಮೇಲೂ ಬೂದಿ ಬಣ್ಣದ ತೆರೆ. ಇದರ ಮೂಲ ಹಿಡಿಯಲು ನಮಗೆ ಆರು ದಿನ ಬೇಕಾಯಿತು. ಒಂದು ಸುಳಿವು ಮಾತ್ರ ಇತ್ತು. ಅದೇ ಪರದೆಯಲ್ಲಿ ನಾವು ಬೆರಳಚ್ಚು ಮಾಡಿದ ಅಕ್ಷರಗಳು ಅಪ್ಪಟ ಕಪ್ಪಾಗಿದ್ದುವು. ಸಿನಿಮಾದ ಎರಡೂ ಬದಿಯ ಪಟ್ಟಿಯೂ ಕಪ್ಪು. ಸಿನಿಮಾದೊಳಗಿನ ಕಪ್ಪು ಮಾತ್ರ ಬೂದಿ. ಒಂದೇ ಪರದೆಯಲ್ಲಿ ಎರಡು ಬಗೆಯ ಕಪ್ಪು ಹೇಗೆ?

ಬೆಳಕಿನ ಮಟ್ಟವನ್ನು ಗಣಕಯಂತ್ರವು 0ಯಿಂದ 255ರ ವರೆಗಿನ ಅಂಕೆಗಳಲ್ಲಿ ಬರೆದುಕೊಳ್ಳುತ್ತದೆ. 0 ಎಂದರೆ ಪೂರ್ಣ ಕಪ್ಪು, 255 ಎಂದರೆ ಪೂರ್ಣ ಬಿಳಿ. ಆದರೆ ವಿಸಿಡಿ, ಡಿವಿಡಿಗಳು ಟಿ.ವಿ.ಯ ಸಂಪ್ರದಾಯದಲ್ಲಿ ಬರೆದವು. ಅಲ್ಲಿ ಕಪ್ಪು ಎಂದರೆ 16, ಬಿಳಿ ಎಂದರೆ 235. ಎರಡೂ ಕೊನೆಗಳಲ್ಲಿ ಒಂದಿಷ್ಟು ಅಂಚು ಬಿಟ್ಟು ಬರೆಯುತ್ತಾರೆ, ನಾವು ಕಾಪಿ ಪುಸ್ತಕದಲ್ಲಿ ಮಾರ್ಜಿನ್ ಬಿಡಿಸುತ್ತಿದ್ದ ಹಾಗೆ. ಗಣಕಯಂತ್ರವು 16ನ್ನು 0ಗೆ ಇಳಿಸಿ, 235ನ್ನು 255ಕ್ಕೆ ಏರಿಸಿ ತೋರಿಸಬೇಕು. ನಮ್ಮ ಯಂತ್ರ ಆ ಹಿಗ್ಗಿಸುವ ಕೆಲಸವನ್ನು ಮಾಡದೆ 16ನ್ನು 16 ಆಗಿಯೇ ತೋರಿಸುತ್ತಿತ್ತು. ಕಪ್ಪು ಕಪ್ಪಾಗಲಿಲ್ಲ, ಬಿಳಿ ಬಿಳಿಯಾಗಲಿಲ್ಲ. ಹಿಂದೆ ಶಾಲೆಗಳಲ್ಲಿ ಕರಿಹಲಗೆ ಬೆಳ್ಳಗಾದಾಗ ಶನಿವಾರ ಮಕ್ಕಳಿಂದ ಇದ್ದಿಲು, ತೊಂಡೆಸೊಪ್ಪು ತರಿಸಿ ಅರೆದು ಬಳಿಸುತ್ತಿದ್ದೆವು. ಹಲಗೆ ಕಪ್ಪಾದರೆ ಸಾಕು, ಸೋಮವಾರ ಅದೇ ಸೀಮೆಸುಣ್ಣದ ಅಕ್ಷರ ಎದ್ದು ಕಾಣುತ್ತಿತ್ತು, ಸುಣ್ಣ ಬದಲಾಯಿಸಬೇಕಾಗಿರಲಿಲ್ಲ. ಬೇಕಾದ್ದು ಬೆಳಕಲ್ಲ, ಕತ್ತಲು ಎಂಬುದು ಮೇಷ್ಟರಿಗೆ ಮೊದಲೇ ಹೊಳೆಯಬೇಕಿತ್ತು.

ಮದ್ದು ಇದ್ದುದು ವಿಎಲ್‌ಸಿಯಲ್ಲಲ್ಲ. ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡಿನ ನಿಯಂತ್ರಣ ಫಲಕದಲ್ಲಿ. ಅಲ್ಲಿ ವಿಡಿಯೊ ಬಣ್ಣದ ವಿಭಾಗದೊಳಗೆ ‘ಡೈನಮಿಕ್ ರೇಂಜ್’ ಎಂದಿತ್ತು. ಎದುರಿಗೆ ‘16ರಿಂದ 235’ ಎಂದು ಗುರುತಾಗಿತ್ತು. ಅದನ್ನು ‘ಫುಲ್, 0ಯಿಂದ 255’ ಎಂದು ಬದಲಿಸಿದೆವು. ಅಷ್ಟೆ. ಒಂದು ಗುಂಡಿ. ನಾವು ಮೊದಲ ರಾತ್ರಿ ಏರಿಸಿದ್ದ ಸಲಾಕೆಗಳನ್ನೆಲ್ಲ ಮತ್ತೆ ಮೊದಲಿನ ಸ್ಥಾನಕ್ಕೆ ಇಳಿಸಿ ಮಸಣದ ದೃಶ್ಯ ಹಾಕಿದಾಗ ಆಕಾಶ ಕಪ್ಪಾಗಿತ್ತು. ಆ ಕಪ್ಪಿನ ಎದುರಿಗೆ ಮುಖಗಳು ಬೆಳಗಿದುವು.

ಅಕ್ಕನನ್ನು ಆಗಲೇ ಕರೆಯಬೇಕೆಂದು ಮನಸ್ಸಾಯಿತು. ಕರೆಯಲಿಲ್ಲ. ಇನ್ನೊಂದು ಸಲ ಸುಳ್ಳು ಆಸೆ ಹುಟ್ಟಿಸಿದಂತಾಗಬಾರದೆಂದು, ಸಿಗುವುದಾದರೆ ಡಿವಿಡಿಯನ್ನೇ ತರಿಸಿ ತೋರಿಸೋಣವೆಂದು ತಡೆದೆವು. ಏಕೆಂದರೆ ವಿಸಿಡಿಯ ಅಳತೆಯೇ ಬಡವನ ಮನೆಯ ಅಳತೆ. ಅಡ್ಡಕ್ಕೆ 352, ಉದ್ದಕ್ಕೆ 288. ಒಟ್ಟು ಒಂದು ಲಕ್ಷದಷ್ಟು ಚುಕ್ಕಿಗಳು. ನಮ್ಮ ಪರದೆಯಲ್ಲಿರುವುದು ಇಪ್ಪತ್ತು ಲಕ್ಷಕ್ಕೂ ಮಿಕ್ಕು. ಡಿವಿಡಿಯಲ್ಲಿ 720, 576 ಇರುವುದರಿಂದ ವಿಸಿಡಿಯ ನಾಲ್ಕರಷ್ಟು ವಿವರ ಹಿಡಿಸುತ್ತದೆ. ಯಂತ್ರವು ಎರಡು ಚುಕ್ಕಿಗಳ ನಡುವಣ ಬಣ್ಣವನ್ನು ಊಹಿಸಿ ತುಂಬುತ್ತದೆ. ಊಹೆ ಎಷ್ಟು ಜಾಣತನದ್ದಾದರೂ ತಟ್ಟೆಯಲ್ಲಿ ಬರೆಯದ ಕಣ್ಣರೆಪ್ಪೆಯನ್ನು ಅದು ತರಲಾರದು.

ಬೆಂಗಳೂರಿನ ಬಂಧುವೊಬ್ಬರು ಡಿವಿಡಿ ಕಳುಹಿಸಿದರು. ವಿವರ ಹೆಚ್ಚಿತು, ನಿಜ. ಜೊತೆಗೆ ಹೊಸದೊಂದು ಪೀಡೆ ಬಂತು. ಯಾರಾದರೂ ಕೈಬೀಸಿದರೆ, ತಲೆ ತಿರುಗಿಸಿದರೆ, ಅಂಚಿನಲ್ಲಿ ಬಾಚಣಿಗೆಯ ಹಲ್ಲಿನಂತೆ ಅಡ್ಡಗೆರೆಗಳು ಏಳುತ್ತಿದ್ದುವು. ಇದರ ಗುಟ್ಟು ನಮಗೆ ತಿಳಿದದ್ದು ನೆರೆಮನೆಯ ದೇವಾಂಗ ಹಿರಿಯರಿಂದ ಎಂದರೆ ತಾವು ಆಶ್ಚರ್ಯಪಡಬಹುದು. ಸೇಲಮ್ಮಿನಲ್ಲಿ ಮಗ್ಗದ ಸದ್ದಿನೊಡನೆ ಕನ್ನಡವನ್ನೂ ಉಳಿಸಿಕೊಂಡು ಬಂದ ಮನೆತನಗಳಲ್ಲಿ ಅವರದೂ ಒಂದು. ನಾವು ಓದಿ ತಿಳಿದಿದ್ದುದನ್ನು ಅವರ ಮುಂದೆ ಗೊಣಗುತ್ತಿದ್ದೆವು: ಹಳೆಯ ಟಿ.ವಿ. ಒಂದು ಚಿತ್ರವನ್ನು ಎರಡು ಕಂತಿನಲ್ಲಿ ಬರೆಯುತ್ತಿತ್ತು; ಮೊದಲು ಬೆಸ ಸಂಖ್ಯೆಯ ಗೆರೆಗಳು, ಆಮೇಲೆ ಸಮ ಸಂಖ್ಯೆಯ ಗೆರೆಗಳು; ಸೆಕೆಂಡಿಗೆ ಐವತ್ತು ಅರೆಚಿತ್ರಗಳು. ಅವರು ನಕ್ಕು, ‘ಇದರಲ್ಲಿ ಏನಿದೆ ಮೇಷ್ಟ್ರೇ? ಮಗ್ಗದಲ್ಲಿ ಒಂದು ಸಲ ಒಂದು ಬಿಟ್ಟು ಒಂದು ಎಳೆ ಏಳುತ್ತದೆ, ಲಾಳಿ ಓಡುತ್ತದೆ. ಇನ್ನೊಂದು ಸಲ ಉಳಿದ ಎಳೆ ಏಳುತ್ತದೆ. ಎರಡೂ ಹದವಾಗಿ ಕೂಡಿದರೆ ಬಟ್ಟೆ. ನಡುವೆ ಏನಾದರೂ ಜರುಗಿದರೆ ಅಂಚು ಹಲ್ಲುಹಲ್ಲಾಗುತ್ತದೆ’ ಎಂದರು. ಬೆಸ ಗೆರೆಗಳು ಒಂದು ಕ್ಷಣದ ಕೈ, ಸಮ ಗೆರೆಗಳು ಅದರ ಮರುಕ್ಷಣದ ಕೈ. ಗಣಕಯಂತ್ರದ ಪರದೆ ಎರಡನ್ನೂ ಒಟ್ಟಿಗೆ ತೋರಿಸುವುದರಿಂದ ಕೈ ಹಲ್ಲಾಗುತ್ತದೆ. ವಿಎಲ್‌ಸಿಯ ‘ವಿಡಿಯೊ’ ಪಟ್ಟಿಯಲ್ಲಿ ‘ಡಿಇಂಟರ್ಲೇಸ್’ ಎಂಬುದನ್ನು ‘ಆನ್’ ಮಾಡಿ, ಅದರ ಬಗೆಯನ್ನು ‘ಯಾಡಿಫ್’ ಎಂದು ಆರಿಸಿದೊಡನೆ ಬಾಚಣಿಗೆ ಮಾಯವಾಯಿತು.

ಉಳಿದುವು ಸಣ್ಣಪುಟ್ಟವು. ಭಾರತದ ಟಿ.ವಿ. ಪದ್ಧತಿ ಸೆಕೆಂಡಿಗೆ 25 ಚಿತ್ರ. ನಮ್ಮ ಪರದೆ ಸೆಕೆಂಡಿಗೆ 60 ಸಲ ಮಿನುಗುತ್ತಿತ್ತು. ಅರವತ್ತು ಇಪ್ಪತ್ತೈದರಿಂದ ಭಾಗವಾಗದು. ಆದ್ದರಿಂದ ಒಂದು ಚಿತ್ರ ಎರಡು ಸಲ, ಇನ್ನೊಂದು ಮೂರು ಸಲ ನಿಂತು, ಕ್ಯಾಮೆರಾ ತಿರುಗುವಾಗ ಎತ್ತಿನಗಾಡಿಯ ಕುಲುಕು. ಪರದೆಯನ್ನು 75ಕ್ಕೆ ಇಟ್ಟಾಗ ಕುಲುಕು ನಿಂತಿತು. ಕಿಟಕಿಗೆ ದಟ್ಟ ಬಣ್ಣದ ಬೆಡ್‌ಶೀಟು ಕಟ್ಟಿದೆವು. ನಮ್ಮ ಮನೆಯವರು ಪರದೆಯನ್ನು ಒದ್ದೆ ಮಾಡಿ ಹಿಂಡಿದ ಮೆತ್ತನೆಯ ಪಂಚೆಯ ತುಂಡಿನಿಂದ ಒರೆಸಿ, ‘ಇದನ್ನು ಮೊದಲೇ ಮಾಡಬಹುದಿತ್ತು’ ಎಂದರು. ಬಟ್ಟೆಗೆ ಅಂಟಿದ ಧೂಳನ್ನು ನಮಗೆ ತೋರಿಸದೆ ಬಿಡಲಿಲ್ಲ.

ಬಣ್ಣದ ಮಾತೂ ಬಂತು. ‘ಸತ್ಯ ಹರಿಶ್ಚಂದ್ರ’ವನ್ನು ಗಣಕಯಂತ್ರದ ನೆರವಿನಿಂದ ವರ್ಣಕ್ಕೆ ತಿರುಗಿಸಿ 2008ರಲ್ಲಿ ಮತ್ತೆ ಬಿಡುಗಡೆ ಮಾಡಿದರಷ್ಟೆ. ಅದನ್ನೇ ಹಾಕೋಣ ತಾತ, ದೊಡ್ಡಜ್ಜಿಗೆ ಇನ್ನೂ ಚೆನ್ನಾಗಿ ಕಾಣುತ್ತದೆ ಎಂದು ಮೊಮ್ಮಗಳ ಹಟ. ಬಣ್ಣಕ್ಕೆ ನಾವು ವಿರೋಧಿಗಳಲ್ಲ. ನಾವಿರುವುದೇ ಏರ್ಕಾಡು ಬೆಟ್ಟದ ಕೆಳಗೆ. ಆ ದಾರಿಯಲ್ಲಿ ಹೋಗುವಾಗ ಮಾಡರ್ನ್ ಥಿಯೇಟರ್ಸಿನ ಹಳೆಯ ಕಮಾನು ಈಗಲೂ ಕಾಣುತ್ತದೆ. ಟಿ. ಆರ್. ಸುಂದರಂ ಅವರು ಕಟ್ಟಿದ ಆ ಸಂಸ್ಥೆಯಿಂದಲೇ ಮಲಯಾಳದ ಮೊದಲ ವಾಕ್ಚಿತ್ರ ‘ಬಾಲನ್’ 1938ರಲ್ಲಿ ಹೊರಬಂತು. ತಮಿಳಿನ ಮೊದಲ ಪೂರ್ಣ ವರ್ಣಚಿತ್ರ ಆಲಿಬಾಬಾನ ಕಥೆ 1956ರಲ್ಲಿ ಬಂತು. ನಮ್ಮ ಕನ್ನಡಕ್ಕೆ ಬಣ್ಣ ಬಂದುದು 1964ರಲ್ಲಿ, ‘ಅಮರಶಿಲ್ಪಿ ಜಕಣಾಚಾರಿ’ಯಿಂದ. ಅದರ ಮರುವರ್ಷದ ಹರಿಶ್ಚಂದ್ರ ಕಪ್ಪುಬಿಳುಪಿನಲ್ಲೇ ಬಂದ. ಅದಕ್ಕೆ ಬೆಳಕು ಹಾಕಿದವರು ಕಪ್ಪುಬಿಳುಪನ್ನೇ ಮನಸ್ಸಿನಲ್ಲಿಟ್ಟುಕೊಂಡು ಹಾಕಿದ್ದಾರೆಂದು ನಮ್ಮ ಭಾವನೆ. ಕೊನೆಗೆ ಅಕ್ಕನನ್ನೇ ಕೇಳಿದೆವು. ‘ಚಂದ್ರಮತಿ ಸೀರೆಗೆ ನಾವೇ ಬಣ್ಣ ಹಾಕ್ಕೊತಿದ್ವಿ ಕಣೋ. ನಂದು ಅರಿಸಿನದ್ದು. ನಿಮ್ಮ ಭಾವ ಹಸಿರು ಅಂತಿದ್ರು’ ಎಂದರು. ಕಪ್ಪುಬಿಳುಪೇ ನಿಶ್ಚಯವಾಯಿತು.

ಅಕ್ಕ ಬಂದು ಹನ್ನೆರಡನೆಯ ದಿನದ ಸಂಜೆ ಮತ್ತೆ ಪ್ರದರ್ಶನ. ನೆರೆಯ ದೇವಾಂಗ ದಂಪತಿಗಳೂ ಬಂದರು. ಅಕ್ಕ ಬರಲೊಲ್ಲೆ ಎಂದರು. ಅಡಿಗೆಮನೆಯಲ್ಲಿ ಅವರೆಕಾಯಿ ಸುಲಿಯುವ ನೆಪ. ಮೊಮ್ಮಗಳು ಅವರ ಕೈ ಹಿಡಿದು ಎಳೆದುತಂದು, ಅವರೆಕಾಯಿಯ ಮೊರದ ಸಮೇತ ಕುರ್ಚಿಯಲ್ಲಿ ಕೂರಿಸಿದಳು. ಈ ಸಲ ನಾವು ‘ಚೆನ್ನಾಗಿದೆ’ ಎಂದು ಬಾಯಿಬಿಡಲಿಲ್ಲ. ಅವರ ಮುಖವನ್ನೂ ನೋಡಲಿಲ್ಲ. ನಮ್ಮ ಗಂಟಲು ಒಣಗಿತ್ತು. ನಾಲ್ಕನೆಯ ತರಗತಿಯಲ್ಲಿದ್ದಾಗ ಹಿಂದಿನ ಬೆಂಚಿನಲ್ಲಿ ಕುಳಿತ ಹುಡುಗನೊಬ್ಬ ಹಲಗೆಯ ಮೇಲಿದ್ದುದನ್ನು ದಿನವೂ ತಪ್ಪಾಗಿ ಬರೆದುಕೊಳ್ಳುತ್ತಿದ್ದನೆಂದು ನಾವು ಅವನಿಗೆ ಹೊಡೆದುದು, ಎರಡು ವರ್ಷದ ಮೇಲೆ ಅವನು ದಪ್ಪ ಗಾಜಿನ ಕನ್ನಡಕ ಹಾಕಿಕೊಂಡು ಬಂದು ನಮಸ್ಕಾರ ಮಾಡಿದುದು, ಏಕೋ ಆ ಹೊತ್ತಿನಲ್ಲಿ ನೆನಪಾಯಿತು.

ಕಾಲು ಗಂಟೆ ಕಳೆದಿರಬೇಕು. ಅವರೆಕಾಯಿ ಸುಲಿಯುವ ಸದ್ದು ನಿಂತಿತು.

‘ಪಂಡರಿಬಾಯಿ ಎಷ್ಟು ಚಿಕ್ಕವಳಾಗಿದಾಳೆ!’ ಎಂದರು ಅಕ್ಕ.

ಯಾರೂ ಮಾತಾಡಲಿಲ್ಲ. ಮತ್ತೆ ಸ್ವಲ್ಪ ಹೊತ್ತಿಗೆ, ‘ತಮ್ಮಯ್ಯ, ಡೇರೆಯಲ್ಲಿ ಕಂಡ ಹಾಗೇ ಕಾಣ್ತಿದೆ ಕಣೋ. ಹಾಗಾದರೆ ನನ್ನ ಕಣ್ಣು...’ ಎಂದು ಅಲ್ಲಿಗೇ ನಿಲ್ಲಿಸಿದರು. ಮೊಮ್ಮಗಳು ಎದ್ದುಹೋಗಲಿಲ್ಲ, ಮಸಣದ ದೃಶ್ಯದ ವರೆಗೂ ಕುಳಿತಳು. ಅಲ್ಲಿ ಅರ್ಥವಾಗದ ಮಾತುಗಳನ್ನು ದೊಡ್ಡಜ್ಜಿಯ ಕಿವಿಯಲ್ಲಿ ಕೇಳುತ್ತಿದ್ದಳು. ಅವರು ಅಳುತ್ತಲೇ ಒಂದೊಂದಕ್ಕೂ ಅರ್ಥ ಹೇಳುತ್ತಿದ್ದರು. ಬೀಗದ ಕೈಗಳ ಮಾತು ಅಲ್ಲಿಂದ ಮುಂದೆ ಏಳಲಿಲ್ಲ. ಆರನೆಯ ವಾರ ಕನ್ನಡಕ ಬಂದ ಮೇಲೆ ಸೂಜಿಗೆ ದಾರ ಪೋಣಿಸಿ ನಮ್ಮ ಮನೆಯವರಿಗೆ ತೋರಿಸಿದರಂತೆ.

ಅಂದು ಚಿತ್ರ ಇನ್ನೂ ಮುಗಿದಿರಲಿಲ್ಲ. ತಟ್ಟೆಯ ಮೇಲೆ ಎಲ್ಲೋ ಒಂದು ಗೀರು ಇತ್ತೆಂದು ತೋರುತ್ತದೆ. ಪರದೆ ಥಟ್ಟನೆ ಚೌಕಚೌಕವಾಗಿ ಒಡೆದು ನಿಂತುಬಿಟ್ಟಿತು. ನಾವು ಗಾಬರಿಯಿಂದ ಮೌಸ್ ಹುಡುಕುತ್ತಿದ್ದಾಗ ಬೆನ್ನ ಹಿಂದಿನಿಂದ, ಐವತ್ತು ವರ್ಷದ ಹಿಂದಿನ ಅದೇ ದನಿ ಕೇಳಿಸಿತು:

‘ಏ ಆಪರೇಟರ್!’